ಲೆಕ್ಕಕ್ಕೆ ಸಿಗದ 80 ಗೆಲುವುಗಳು

ಆಗಸ್ಟ್ ಕೊನೆಯ ವಾರದಲ್ಲಿ ಅಮೆರಿಕದ ಆಫೀಸುಗಳಲ್ಲಿ ಒಂದು ಆಟ ನಡೆಯುತ್ತದೆ. ಮೈದಾನದ ಆಟ ಅಲ್ಲ, ಕಾಗದದ ಮೇಲಿನ ಆಟ. ಜನ ತಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ವೇಳಾಪಟ್ಟಿ ಮುಂದಿಟ್ಟುಕೊಂಡು ಒಂದೊಂದೇ ಪಂದ್ಯಕ್ಕೆ ಗೆಲುವು, ಸೋಲು ಅಂತ ಗುರುತು ಹಾಕುತ್ತಾ ಹೋಗುತ್ತಾರೆ. ಇದು ಗೆಲ್ಲುತ್ತೇವೆ. ಇದೂ ಗೆಲ್ಲುತ್ತೇವೆ. ಇದು ಕಷ್ಟ, ಆದರೆ ನಮ್ಮೂರಲ್ಲೇ ಅಲ್ವಾ, ಗೆಲ್ಲುತ್ತೇವೆ. ಹೀಗೆ 17 ಪಂದ್ಯ ಮುಗಿಯುವ ಹೊತ್ತಿಗೆ ಬಹಳ ಜನರ ಲೆಕ್ಕ ಒಂದೇ ಕಡೆ ಬಂದು ನಿಲ್ಲುತ್ತದೆ. 11 ಗೆಲುವು, 6 ಸೋಲು.

ನಾನು ಕೆಲವು ವರ್ಷ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಕೆಲಸ ಮಾಡಿದ್ದೆ. ಅಲ್ಲಿಂದ ಬಫಲೋ ನಗರಕ್ಕೆ ಕಾರಿನಲ್ಲಿ ಒಂದೂಕಾಲು ಗಂಟೆ. ಹಾಗಾಗಿ ಆಫೀಸಿನ ಮುಕ್ಕಾಲು ಪಾಲು ಬಫಲೋ ಬಿಲ್ಸ್ ಅಭಿಮಾನಿಗಳು. ಪಕ್ಕದ ಮೇಜಿನವನು ಮೇ ತಿಂಗಳಲ್ಲಿ ವೇಳಾಪಟ್ಟಿ ಬಂದ ದಿನವೇ ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಪೆನ್ನಿನಲ್ಲಿ ಗುರುತು ಹಾಕುತ್ತಿದ್ದ. ಪೆನ್ಸಿಲ್ ಯಾಕೆ ಬಳಸಲ್ಲ ಅಂತ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಿದ್ದ.

ಈಗ ಒಂದು ಸಣ್ಣ ಲೆಕ್ಕ. ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಒಂದೊಂದಕ್ಕೆ 17 ಪಂದ್ಯ. ಒಟ್ಟು 272 ಪಂದ್ಯ. ಡ್ರಾ ಆಗುವುದು ಅಪರೂಪ, ಅದನ್ನು ಬಿಟ್ಟರೆ ಹಂಚುವುದಕ್ಕೆ ಇರುವುದು 272 ಗೆಲುವು. 32 ತಂಡಗಳ ಅಭಿಮಾನಿಗಳೂ ತಲಾ 11 ಗೆಲುವು ಬರೆದುಕೊಂಡರೆ 352 ಬೇಕು. 80 ಗೆಲುವು ಎಲ್ಲೂ ಇಲ್ಲ. ಈ 80 ಗೆಲುವುಗಳ ಬಗ್ಗೆಯೇ ಅಮೆರಿಕ ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಮಾತಾಡುತ್ತದೆ ಅಂತ ನನಗೆ ಅನ್ನಿಸುತ್ತದೆ.

ಇದನ್ನು ಹುಚ್ಚು ಅಂತ ತಳ್ಳಿಹಾಕುವುದು ಸುಲಭ. "ಈ ಸಲ ಕಪ್ ನಮ್ದೇ" ಅಂತ ವರ್ಷಗಟ್ಟಲೆ ಕೂಗಿದ ನಮಗೆ ಆ ಹುಚ್ಚು ಹೊಸದೂ ಅಲ್ಲ. ಆದರೆ ಎನ್‌ಎಫ್‌ಎಲ್‌ನಲ್ಲಿ ಇದು ಬರೀ ಹುಚ್ಚಲ್ಲ. ಎಲ್ಲರಿಗೂ ಆಸೆ ಹುಟ್ಟುವ ಹಾಗೆ ಲೀಗ್‌ನ ನಿಯಮಗಳನ್ನೇ ಕಟ್ಟಿದ್ದಾರೆ. ಅದು ಹೇಗೆ ಅಂತ ಗೊತ್ತಾದರೆ ಅಭಿಮಾನಿಗಳ ಮಾತಿನ ಅರ್ಧ ಭಾಗ ತಾನಾಗಿ ಬಿಡಿಸಿಕೊಳ್ಳುತ್ತದೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು ಸಾಕು. ಒಂದು ಕಡೆಗೆ 11 ಜನ. ಆಟದ ಗಡಿಯಾರ 60 ನಿಮಿಷ, ಆದರೆ ಮುಗಿಯುವುದಕ್ಕೆ ಮೂರು ಗಂಟೆ ಹಿಡಿಯುತ್ತದೆ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಅಷ್ಟರೊಳಗೆ ಹೋದರೆ ಮತ್ತೆ ನಾಲ್ಕು. ಹೀಗೆ ಸಾಗಿ ಎದುರಾಳಿಯ ಕೊನೆ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ, ಜೊತೆಗೆ ಒಂದೋ ಎರಡೋ ಹೆಚ್ಚುವರಿ ಅಂಕಕ್ಕೆ ಒಂದು ಅವಕಾಶ. ಚೆಂಡನ್ನು ಕಂಬಗಳ ನಡುವೆ ಒದ್ದರೆ 3. ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅದನ್ನು ಎಸೆಯಬೇಕೋ, ಓಡುವವನಿಗೆ ಕೊಡಬೇಕೋ ಅನ್ನುವುದು ಅವನ ಮೂಲಕವೇ ನಡೆಯುತ್ತದೆ. ಕ್ರಿಕೆಟ್‌ನಲ್ಲಿ ಯಾವ ಒಬ್ಬ ಆಟಗಾರನ ಮೇಲೂ ಇಷ್ಟು ಭಾರ ಇಲ್ಲ. ಅದಕ್ಕೇ ಅಭಿಮಾನಿಗಳ ಹತ್ತು ಮಾತಿನಲ್ಲಿ ಆರು ಕ್ವಾರ್ಟರ್‌ಬ್ಯಾಕ್ ಬಗ್ಗೆ ಇರುತ್ತವೆ. ಅದರಲ್ಲೂ ಬೆಂಚಿನ ಮೇಲೆ ಕೂತ ಎರಡನೇ ಕ್ವಾರ್ಟರ್‌ಬ್ಯಾಕ್ ಎಲ್ಲರಿಗೂ ಅಚ್ಚುಮೆಚ್ಚು. ಅವನು ಇನ್ನೂ ಆಡಿಲ್ಲವಲ್ಲ, ತಪ್ಪೂ ಮಾಡಿಲ್ಲ. ದೂರದ ಬೆಟ್ಟ ನುಣ್ಣಗೆ.

ಆಸೆಯ ಕಾರ್ಖಾನೆ

ಎನ್‌ಎಫ್‌ಎಲ್ ಹುಟ್ಟಿದ್ದು 1920ರಲ್ಲಿ, ಒಹಾಯೋ ರಾಜ್ಯದ ಕ್ಯಾಂಟನ್ ಅನ್ನುವ ಊರಿನ ಒಂದು ಕಾರು ಶೋರೂಮಿನಲ್ಲಿ. ಅಲ್ಲಿ ಸೇರಿದ ಆ ಕಾಲದ ತಂಡಗಳಲ್ಲಿ ಬಹುಪಾಲು ಮುಳುಗಿಹೋದವು. ಉಳಿದವರು ಕಾಲಕ್ರಮದಲ್ಲಿ ಒಂದು ಪಾಠ ಕಲಿತರು. ಒಂದೇ ತಂಡ ಗೆಲ್ಲುತ್ತಾ ಹೋದರೆ ಉಳಿದ ಊರುಗಳಲ್ಲಿ ಟಿಕೆಟ್ ಮಾರಾಟ ಆಗುವುದಿಲ್ಲ. ಇಂದಿನ ನಿಯಮಗಳ ಬೇರು ಇದರಲ್ಲೇ ಇದೆ.

ಮೊದಲನೆಯದು ಡ್ರಾಫ್ಟ್. ಪ್ರತಿ ಏಪ್ರಿಲ್‌ನಲ್ಲಿ ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಗೆದ್ದ ತಂಡಕ್ಕೆ ಕೊನೆಯದು. ಸೋತವನಿಗೆ ಮೊದಲ ತುತ್ತು ಅನ್ನುವ ಲೆಕ್ಕ. ವಾಷಿಂಗ್ಟನ್ ಕಮಾಂಡರ್ಸ್ 2023ರಲ್ಲಿ 4 ಗೆದ್ದು 13 ಸೋತಿತ್ತು. ಮುಂದಿನ ಏಪ್ರಿಲ್‌ನಲ್ಲಿ ಎರಡನೇ ಸರದಿ ಸಿಕ್ಕಿತು. ಜೇಡನ್ ಡೇನಿಯಲ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಂಡರು. 2024ರಲ್ಲಿ ಅದೇ ತಂಡ 12 ಗೆದ್ದು 5 ಸೋತು, ಸೂಪರ್ ಬೌಲ್ ಫೈನಲ್‌ಗೆ ಒಂದೇ ಪಂದ್ಯ ದೂರದವರೆಗೆ ಹೋಯಿತು. ಪ್ರತಿ ಸೆಪ್ಟೆಂಬರಿನಲ್ಲೂ ಕೊನೆ ಸ್ಥಾನದ ತಂಡದ ಅಭಿಮಾನಿ ಇಂಥದ್ದೊಂದು ಉದಾಹರಣೆಯನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಾನೆ.

ಎರಡನೆಯದು ಸಂಬಳದ ಮಿತಿ. ಐಪಿಎಲ್ ಹರಾಜಿನಲ್ಲಿ ಎಲ್ಲ ತಂಡಕ್ಕೂ ಒಂದೇ ಪರ್ಸ್ ಇರುತ್ತದಲ್ಲ, ಹಾಗೆ. 2025ರಲ್ಲಿ ಒಂದು ತಂಡದ ಮಿತಿ 27.92 ಕೋಟಿ ಡಾಲರ್. ಮಾಲೀಕ ಎಷ್ಟೇ ದೊಡ್ಡ ಸಾಹುಕಾರನಾದರೂ ಇದನ್ನು ಮೀರಿ ಆಟಗಾರರನ್ನು ಗುಡ್ಡೆ ಹಾಕಿಕೊಳ್ಳುವ ಹಾಗಿಲ್ಲ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಡ್ರಾಫ್ಟ್‌ನಲ್ಲಿ ಬಂದ ಹುಡುಗರಿಗೆ ಮೊದಲ ನಾಲ್ಕು ವರ್ಷ ಸಂಬಳ ನಿಗದಿಯಾಗಿರುತ್ತದೆ, ಅದೂ ಕಡಿಮೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಈ ಅಗ್ಗದ ವರ್ಷಗಳಲ್ಲಿ ಸಿಕ್ಕರೆ ಉಳಿದ ಹಣವನ್ನು ಬೇರೆ ಜಾಗಗಳಿಗೆ ಸುರಿಯಬಹುದು. ಅವನಿಗೆ ದೊಡ್ಡ ಒಪ್ಪಂದ ಕೊಟ್ಟ ಮೇಲೆ ಆ ಬಾಗಿಲು ನಿಧಾನಕ್ಕೆ ಮುಚ್ಚುತ್ತದೆ. "ನಮಗಿನ್ನು ಎರಡೇ ವರ್ಷ" ಅಂತ ಅಭಿಮಾನಿಗಳು ಒದ್ದಾಡುವುದು ಇದಕ್ಕೇ. ನಮ್ಮಲ್ಲಿ ಅಭಿಮಾನಿಗೆ ಬೌಲರ್‌ನ ಸ್ವಿಂಗ್ ಗೊತ್ತಿರುತ್ತದೆ. ಅಲ್ಲಿ ಅಭಿಮಾನಿಗೆ ಅದರ ಜೊತೆಗೆ ಒಪ್ಪಂದದ ಕಂತುಗಳೂ ಬಾಯಿಪಾಠ.

ಮೂರನೆಯದು ಟಿವಿ ಹಣ. ದೇಶಮಟ್ಟದ ಪ್ರಸಾರದ ದುಡ್ಡನ್ನು 32 ತಂಡಗಳೂ ಸಮವಾಗಿ ಹಂಚಿಕೊಳ್ಳುತ್ತವೆ. ಗ್ರೀನ್ ಬೇ ಅನ್ನುವುದು ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂದು ಲಕ್ಷ ಚಿಲ್ಲರೆ ಜನ ಇರುವ ಪುಟ್ಟ ಊರು. ಅಲ್ಲಿನ ಪ್ಯಾಕರ್ಸ್ ತಂಡಕ್ಕೆ ಒಬ್ಬ ಮಾಲೀಕ ಇಲ್ಲ. ಲಕ್ಷಾಂತರ ಜನ ಸಾಮಾನ್ಯರು ಷೇರು ಹಿಡಿದಿದ್ದಾರೆ. ಲಾಭ ಹಂಚುವುದಿಲ್ಲ, ಷೇರನ್ನು ಹೊರಗೆ ಮಾರುವ ಹಾಗಿಲ್ಲ. ಗೋಡೆಗೆ ಫ್ರೇಮ್ ಹಾಕಿಸಿ ನೋಡಬಹುದು, ಅಷ್ಟೇ. ಆದರೂ ನ್ಯೂಯಾರ್ಕ್‌ನ ತಂಡಕ್ಕೆ ಬರುವಷ್ಟೇ ಪ್ರಸಾರದ ಹಣ ಈ ಊರಿಗೂ ಬರುತ್ತದೆ. ಪ್ಯಾಕರ್ಸ್ ತನ್ನ ಲೆಕ್ಕಪತ್ರವನ್ನು ಷೇರುದಾರರ ಮುಂದೆ ಇಡಬೇಕಾದ್ದರಿಂದ ಈ ಮೊತ್ತ ಹೊರಗೆ ಗೊತ್ತಾಗುತ್ತದೆ. ಲೀಗ್ ಹಂಚುವ ಇತರ ಹಣವೂ ಸೇರಿ ಈಚೆಗೆ ತಂಡವೊಂದಕ್ಕೆ ವರ್ಷಕ್ಕೆ 40 ಕೋಟಿ ಡಾಲರಿಗೂ ಜಾಸ್ತಿ.

ಇನ್ನು ವೇಳಾಪಟ್ಟಿ. 32 ತಂಡ ಇದ್ದು 17 ಪಂದ್ಯ ಆಡುವುದಾದರೆ ಎಲ್ಲರೂ ಎಲ್ಲರ ಜೊತೆ ಆಡಲು ಸಾಧ್ಯವೇ ಇಲ್ಲ. ಹಾಗಾಗಿ ಒಂದು ಸೂತ್ರ ಇದೆ. ನಾಲ್ಕು ನಾಲ್ಕು ತಂಡಗಳ ಎಂಟು ಗುಂಪು. ತನ್ನ ಗುಂಪಿನ ಮೂರು ತಂಡಗಳ ಜೊತೆ ಎರಡೆರಡು ಸಲ, ಒಟ್ಟು 6. ಸರದಿಯ ಪ್ರಕಾರ ಬರುವ ಬೇರೆ ಎರಡು ಗುಂಪುಗಳ ಜೊತೆ ನಾಲ್ಕು ನಾಲ್ಕು, ಒಟ್ಟು 8. ಉಳಿದ 3 ಪಂದ್ಯ ಮಾತ್ರ ಹಿಂದಿನ ವರ್ಷದ ಸ್ಥಾನದ ಮೇಲೆ. ಮೊದಲ ಸ್ಥಾನದವರಿಗೆ ಬೇರೆ ಗುಂಪಿನ ಮೊದಲ ಸ್ಥಾನದವರು, ಕೊನೆಯವರಿಗೆ ಕೊನೆಯವರು. ಅಂದರೆ ಕಳೆದ ವರ್ಷ ಸೋತವರಿಗೆ ಈ ವರ್ಷ ಮೂರು ಪಂದ್ಯದಲ್ಲಿ ಸ್ವಲ್ಪ ರಿಯಾಯಿತಿ.

ಯಾರ ಜೊತೆ ಅನ್ನುವಷ್ಟೇ ಯಾವಾಗ ಅನ್ನುವುದೂ ಮುಖ್ಯ. ಸೆಪ್ಟೆಂಬರಿನಲ್ಲಿ ಮಯಾಮಿಗೆ ಹೋಗುವುದು ಒಂದು ಶಿಕ್ಷೆ. ಅಲ್ಲಿನ ಸ್ಟೇಡಿಯಂ ಚಾವಣಿಯ ನೆರಳು ಮನೆ ತಂಡದ ಬೆಂಚಿನ ಮೇಲೆ ಬೀಳುತ್ತದೆ, ಅತಿಥಿಗಳ ಬೆಂಚು ಬಿಸಿಲಿನಲ್ಲಿ ಬೇಯುತ್ತದೆ. ಹಾಗೇ ಡಿಸೆಂಬರಿನಲ್ಲಿ ಮಯಾಮಿಯವರು ಬಫಲೋಗೆ ಬಂದರೆ ಹಿಮದಲ್ಲಿ ಮೊಣಕಾಲುದ್ದ ಹೂತುಹೋಗುವ ಸಂಭವ. ನನ್ನ ಸಹೋದ್ಯೋಗಿ ವೇಳಾಪಟ್ಟಿ ಬಂದ ಕೂಡಲೇ ಮೊದಲು ನೋಡುತ್ತಿದ್ದದ್ದು ಈ ಎರಡು ತಾರೀಕು.

ಇದೆಲ್ಲ ಸೇರಿ ಆಗುವ ಪರಿಣಾಮ ನೋಡಿ. 1990ರಿಂದ ಈಚೆಗೆ ಪ್ರತಿ ಸೀಸನ್‌ನಲ್ಲೂ, ಹಿಂದಿನ ವರ್ಷ ಪ್ಲೇಆಫ್‌ಗೆ ಬರದ ಕನಿಷ್ಠ ನಾಲ್ಕು ತಂಡಗಳು ಪ್ಲೇಆಫ್‌ಗೆ ಬಂದಿವೆ. ಒಂದು ವರ್ಷವೂ ತಪ್ಪಿಲ್ಲ. ಆ ನಾಲ್ಕರಲ್ಲಿ ನಮ್ಮದೂ ಒಂದು ಯಾಕಾಗಬಾರದು? ಕೇಳುವುದು ನ್ಯಾಯವೇ.

ಆಗಸ್ಟ್ ಹೇಳುವ ಸುಳ್ಳು

ಫೆಬ್ರವರಿಯಲ್ಲಿ ಸೂಪರ್ ಬೌಲ್ ಮುಗಿದರೆ ಸೆಪ್ಟೆಂಬರ್‌ವರೆಗೆ ಲೆಕ್ಕಕ್ಕೆ ಬರುವ ಒಂದು ಪಂದ್ಯವೂ ಇಲ್ಲ. ಏಳು ತಿಂಗಳ ಉಪವಾಸ. ಜುಲೈ ಕೊನೆಯಲ್ಲಿ ತರಬೇತಿ ಶಿಬಿರ ಶುರುವಾದಾಗ ಜನ ಹಸಿದು ಕೂತಿರುತ್ತಾರೆ. ಬಿಲ್ಸ್ ಶಿಬಿರ ನಡೆಯುವುದು ರಾಚೆಸ್ಟರ್ ಪಕ್ಕದ ಒಂದು ವಿಶ್ವವಿದ್ಯಾಲಯದ ಮೈದಾನದಲ್ಲಿ. ಆಟಗಾರರು ಸುಮ್ನೆ ಕೈಕಾಲು ಬಿಡಿಸಿಕೊಳ್ಳುವುದನ್ನು ನೋಡಲು ಮಕ್ಕಳು ಮರಿ ಕಟ್ಟಿಕೊಂಡು ಬಂದವರ ಸಾಲು ನೋಡಿದರೆ ಜಾತ್ರೆ ನೆನಪಾಗುತ್ತಿತ್ತು. ಶಿಬಿರದಲ್ಲಿ ಒಬ್ಬ ಹುಡುಗ ಒಂದು ಒಳ್ಳೆ ಕ್ಯಾಚ್ ಹಿಡಿದರೆ ಸಾಕು, ಸಂಜೆಯೊಳಗೆ ಅವನು ಮುಂದಿನ ದೊಡ್ಡ ತಾರೆ.

ಆಮೇಲೆ ಮೂರು ಪ್ರೀಸೀಸನ್ ಪಂದ್ಯ. ಇವು ಲೆಕ್ಕಕ್ಕಿಲ್ಲ. ದೊಡ್ಡ ಆಟಗಾರರು ಗಾಯದ ಭಯಕ್ಕೆ ಆಡುವುದೇ ಕಡಿಮೆ. ತಂಡದಲ್ಲಿ ಜಾಗಕ್ಕಾಗಿ ಹೆಣಗುವವರು ಆಡುತ್ತಾರೆ. ಈ ಪಂದ್ಯಗಳ ಫಲಿತಾಂಶ ನೋಡಿ ಭವಿಷ್ಯ ಹೇಳಬಾರದು ಅನ್ನುವುದಕ್ಕೆ ಎರಡು ಉದಾಹರಣೆ ಸಾಕು. ಡೆಟ್ರಾಯ್ಟ್ ಲಯನ್ಸ್ 2008ರ ಪ್ರೀಸೀಸನ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಗೆದ್ದಿತು. ಆಗ ನಾಲ್ಕು ಪಂದ್ಯ ಇರುತ್ತಿದ್ದವು. ನಿಜವಾದ ಸೀಸನ್‌ನಲ್ಲಿ ಹದಿನಾರಕ್ಕೆ ಹದಿನಾರೂ ಸೋತಿತು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ 2017ರಲ್ಲಿ ಇದನ್ನೇ ಅಕ್ಷರಶಃ ಮತ್ತೆ ಮಾಡಿ ತೋರಿಸಿತು. ಪ್ರೀಸೀಸನ್‌ನಲ್ಲಿ 4 ಗೆಲುವು, ಸೀಸನ್‌ನಲ್ಲಿ 16 ಸೋಲು. ಆದರೂ ಪ್ರತಿ ಆಗಸ್ಟ್‌ನಲ್ಲೂ ಜನ ಆ ಪಂದ್ಯಗಳನ್ನು ನೋಡುತ್ತಾರೆ. ಹಸಿದವನಿಗೆ ಹಳಸಿದ್ದೂ ರುಚಿ.

ಆಗಸ್ಟ್ ಕೊನೆಯ ಒಂದು ಮಂಗಳವಾರ ನನಗೆ ಯಾವಾಗಲೂ ಮನಸ್ಸಿಗೆ ಕಸಿವಿಸಿ ಮಾಡುತ್ತಿತ್ತು. ಶಿಬಿರದಲ್ಲಿ ತಂಡಕ್ಕೆ 90 ಆಟಗಾರರು. ಸೀಸನ್‌ಗೆ ಉಳಿಯುವುದು 53. ಆ ದಿನ ಸಂಜೆ 4 ಗಂಟೆಯೊಳಗೆ 32 ತಂಡಗಳೂ ಪಟ್ಟಿ ಕತ್ತರಿಸಬೇಕು. ಒಟ್ಟು ಸಾವಿರಕ್ಕೂ ಜಾಸ್ತಿ ಹುಡುಗರು ಕೆಲಸ ಕಳೆದುಕೊಳ್ಳುತ್ತಾರೆ. ಕೆಲವರನ್ನು ಅಭ್ಯಾಸ ತಂಡಕ್ಕೆ ಮರುದಿನ ಕರೆಯುತ್ತಾರೆ, ಅಲ್ಲಿ ತಂಡಕ್ಕೆ 16 ಜಾಗ. ಉಳಿದವರು ಬ್ಯಾಗು ಕಟ್ಟಿಕೊಂಡು ಮನೆಗೆ. ಅಭಿಮಾನಿಗಳು ಮಾತ್ರ ಕ್ಯಾಚ್ ಹಿಡಿಯುವವರಲ್ಲಿ ಆರನೆಯವನನ್ನು ಉಳಿಸಬೇಕಿತ್ತೋ, ಮುಂದಿನ ಸಾಲಿನಲ್ಲಿ ಅಡ್ಡ ನಿಲ್ಲುವ ಇನ್ನೊಬ್ಬ ಲೈನ್‌ಮನ್ ಬೇಕಿತ್ತೋ ಅಂತ ಊಟದ ಹೊತ್ತು ಪೂರ್ತಿ ಜಗಳ ಆಡುತ್ತಾರೆ.

ಇದೇ ಹೊತ್ತಿನಲ್ಲಿ ಇನ್ನೊಂದು ನಾಟಕ. ಒಪ್ಪಂದ ಇದ್ದರೂ ಸಂಬಳ ಕಡಿಮೆ ಆಯಿತು ಅಂತ ದೊಡ್ಡ ಆಟಗಾರ ಆಡದೆ ಕೂರುವುದು. ಇದಕ್ಕೆ ಹೋಲ್ಡ್‌ಔಟ್ ಅನ್ನುತ್ತಾರೆ. ಸುಮ್ಮನೆ ಹಠ ಅಂತ ಕಾಣುತ್ತದೆ, ಆದರೆ ಅದರ ಬೆಲೆ 1993ರಲ್ಲಿ ಡಲ್ಲಾಸ್ ಕೌಬಾಯ್ಸ್‌ಗೆ ಚೆನ್ನಾಗಿ ಗೊತ್ತಾಯಿತು. ಹಿಂದಿನ ವರ್ಷದ ಚಾಂಪಿಯನ್ ತಂಡ. ಚೆಂಡು ಹೊತ್ತು ಓಡುವ ಎಮಿಟ್ ಸ್ಮಿತ್ ಹೊಸ ಒಪ್ಪಂದ ಇಲ್ಲದೆ ಆಡಲ್ಲ ಅಂದ. ಮಾಲೀಕ ಜೆರ್ರಿ ಜೋನ್ಸ್ ಜಗ್ಗಲಿಲ್ಲ. ಮೊದಲ ಎರಡು ಪಂದ್ಯ ಸೋತರು. ಎರಡನೆಯದು ಬಫಲೋ ಬಿಲ್ಸ್ ಕೈಯಲ್ಲಿ. ಕೂಡಲೇ ಒಪ್ಪಂದಕ್ಕೆ ಸಹಿ ಬಿತ್ತು. ಸ್ಮಿತ್ ಬಂದ, ಆ ವರ್ಷದ ಅತ್ಯುತ್ತಮ ಆಟಗಾರ ಆದ. ಕೌಬಾಯ್ಸ್ ಸೂಪರ್ ಬೌಲ್ ಗೆದ್ದಿತು. ಫೈನಲ್‌ನಲ್ಲಿ ಸೋತವರು ಯಾರು ಗೊತ್ತಾ? ಅದೇ ಬಿಲ್ಸ್. ಅದು ಅವರ ಸತತ ನಾಲ್ಕನೇ ಫೈನಲ್ ಸೋಲು. ನಮ್ಮ ಆಫೀಸಿನಲ್ಲಿ ಈ ವಿಷಯ ಎತ್ತುವ ಹಾಗಿರಲಿಲ್ಲ.

ಅದೇ ಜೋನ್ಸ್ 2025ರಲ್ಲಿ ಮತ್ತೆ ಅಂಥದ್ದೇ ಜಗ್ಗಾಟಕ್ಕೆ ಸಿಕ್ಕಿಕೊಂಡರು. ಈ ಸಲ ಮೈಕಾ ಪಾರ್ಸನ್ಸ್ ಎಂಬ ರಕ್ಷಣೆಯ ಆಟಗಾರ. ಈ ಸಲ ಒಪ್ಪಂದ ಆಗಲಿಲ್ಲ. ಸೀಸನ್ ಶುರುವಾಗಲು ಒಂದು ವಾರ ಇದ್ದಾಗ ಅವನನ್ನು ಗ್ರೀನ್ ಬೇಗೆ ಕೊಟ್ಟುಬಿಟ್ಟರು. ಬದಲಿಗೆ ಒಬ್ಬ ಆಟಗಾರ ಮತ್ತು ಎರಡು ವರ್ಷದ ಮೊದಲ ಸುತ್ತಿನ ಡ್ರಾಫ್ಟ್ ಸರದಿ. ಡಲ್ಲಾಸ್‌ನ ಅಭಿಮಾನಿಗಳು ತಲೆ ಮೇಲೆ ಕೈಹೊತ್ತು ಕೂತರು.

ನೀನು ಯಾರ ಪರ?

ಸೀಸನ್ ಶುರುವಾಗುವ ಮುಂಚಿನ ವಾರಾಂತ್ಯದಲ್ಲಿ ಅಮೆರಿಕದ ಮನೆಗಳಲ್ಲಿ ಇನ್ನೊಂದು ಡ್ರಾಫ್ಟ್ ನಡೆಯುತ್ತದೆ. ಫ್ಯಾಂಟಸಿ ಫುಟ್‌ಬಾಲ್. ನಮ್ಮಲ್ಲಿ ಕ್ರಿಕೆಟ್ ಫ್ಯಾಂಟಸಿಯಲ್ಲಿ ಒಂದೊಂದು ಪಂದ್ಯಕ್ಕೂ ತಂಡ ಕಟ್ಟುತ್ತಾರಲ್ಲ, ಇದು ಹಾಗಲ್ಲ. ಹತ್ತೋ ಹನ್ನೆರಡೋ ಗೆಳೆಯರ ಗುಂಪು. ಒಬ್ಬ ಆಟಗಾರ ಗುಂಪಿನಲ್ಲಿ ಒಬ್ಬರಿಗೆ ಮಾತ್ರ. ಸರದಿ ಹಾವಿನಂತೆ ಹೋಗುತ್ತದೆ, ಮೊದಲ ಸುತ್ತಿನಲ್ಲಿ ಕೊನೆಗೆ ಬಂದವನು ಎರಡನೇ ಸುತ್ತಿನಲ್ಲಿ ಮೊದಲು. ಹೀಗೆ ಕಟ್ಟಿದ ತಂಡ ನಾಲ್ಕು ತಿಂಗಳು ನಿನ್ನದು. ಇದರ ಮೂಲ 1962ರದ್ದು. ಓಕ್‌ಲ್ಯಾಂಡ್‌ನ ಬಿಲ್ ವಿಂಕನ್‌ಬಾಕ್ ಅನ್ನುವವರು ಕೆಲವು ಗೆಳೆಯರ ಜೊತೆ ಹೋಟೆಲ್ ಕೋಣೆಯಲ್ಲಿ ಕೂತು ನಿಯಮ ಬರೆದರು.

ಇದು ಅಭಿಮಾನವನ್ನೇ ತಿರುಚಿಬಿಟ್ಟಿತು. ಬಿಲ್ಸ್ ಅಭಿಮಾನಿಯ ಫ್ಯಾಂಟಸಿ ತಂಡದಲ್ಲಿ ಎದುರಾಳಿ ತಂಡದ ಓಟಗಾರ ಇದ್ದರೆ ಏನು ಗತಿ? "ಅವನು ಎರಡು ಟಚ್‌ಡೌನ್ ಮಾಡಲಿ, ಆದರೆ ನಾವು ಗೆಲ್ಲಬೇಕು" ಅಂತ ದೇವರ ಹತ್ತಿರ ಷರತ್ತು ಹಾಕುವವರನ್ನು ನಾನೇ ನೋಡಿದ್ದೇನೆ. ಸೆಪ್ಟೆಂಬರಿನಲ್ಲಿ ಯಾರಾದರೂ ಒಬ್ಬ ಆಟಗಾರನ ಬಗ್ಗೆ ಬಿಸಿಯಾಗಿ ಮಾತಾಡುತ್ತಿದ್ದರೆ, ಅದು ತಂಡದ ಪ್ರೀತಿಯೋ ಫ್ಯಾಂಟಸಿಯ ಅಂಕವೋ ಅಂತ ಮೊದಲು ಕೇಳಿಕೊಳ್ಳಬೇಕು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬೆಟ್ಟಿಂಗ್ ಮೇಲಿನ ಕೇಂದ್ರದ ನಿಷೇಧ ತೆಗೆದ ಮೇಲೆ ಮೂರನೇ ಸಾಧ್ಯತೆಯೂ ಸೇರಿಕೊಂಡಿದೆ.

ಗುರುವಾರದ ರಾತ್ರಿ

ಸೆಪ್ಟೆಂಬರಿನ ಮೊದಲ ಸೋಮವಾರ ಅಮೆರಿಕದಲ್ಲಿ ಕಾರ್ಮಿಕರ ದಿನದ ರಜೆ. ಸಾಮಾನ್ಯವಾಗಿ ಅದಾದ ಗುರುವಾರ ರಾತ್ರಿ ಮೊದಲ ಪಂದ್ಯ. 2002ರಲ್ಲಿ ಈ ಪದ್ಧತಿ ಶುರುವಾಯಿತು. ಈಗ ಹೆಚ್ಚಾಗಿ ಹಿಂದಿನ ವರ್ಷದ ಚಾಂಪಿಯನ್ ತನ್ನ ಊರಿನಲ್ಲಿ ಆಡುತ್ತದೆ. ಭಾರತದಲ್ಲಿ ನೋಡುವವರಿಗೆ ಅದು ಶುಕ್ರವಾರ ಬೆಳಿಗ್ಗೆ 5.50. ಭಾನುವಾರದ ಮೊದಲ ಪಂದ್ಯಗಳು ನಮ್ಮ ರಾತ್ರಿ 10.30ಕ್ಕೆ, ಭಾನುವಾರ ರಾತ್ರಿಯದು ನಮ್ಮ ಸೋಮವಾರ ಬೆಳಿಗ್ಗೆಗೆ.

ಶುಕ್ರವಾರ ರಾತ್ರಿ, ಶನಿವಾರ ಯಾಕೆ ಇಲ್ಲ ಅಂತ ಅನೇಕರು ಕೇಳುತ್ತಾರೆ. ಶುಕ್ರವಾರ ಹೈಸ್ಕೂಲ್ ಫುಟ್‌ಬಾಲ್, ಶನಿವಾರ ಕಾಲೇಜು ಫುಟ್‌ಬಾಲ್. ಎನ್‌ಎಫ್‌ಎಲ್ ಅವರ ಹೊಟ್ಟೆ ಮೇಲೆ ಹೊಡೆಯದಂತೆ 1961ರ ಕಾನೂನೊಂದು ತಡೆ ಹಾಕಿದೆ. ಆ ತಡೆ ಶುರುವಾಗುವುದು ಸೆಪ್ಟೆಂಬರಿನ ಎರಡನೇ ಶುಕ್ರವಾರದಿಂದ. ಮೊದಲ ಶುಕ್ರವಾರ ಖಾಲಿ ಇದೆಯಲ್ಲ ಅಂತ ಲೀಗ್ ಆ ಸಂದಿಯಲ್ಲಿ ನುಸುಳಿ 2024 ಮತ್ತು 2025ರಲ್ಲಿ ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ಪಂದ್ಯ ಆಡಿಸಿತು. ವ್ಯಾಪಾರಿ ಬುದ್ಧಿ ಅಂದರೆ ಇದು.

ಮೊದಲ ವಾರದ ಒಂದು ಕ್ಷಣ ಎಷ್ಟು ದುಬಾರಿ ಆಗಬಹುದು ಅನ್ನುವುದಕ್ಕೆ 2023ರ ನ್ಯೂಯಾರ್ಕ್ ಜೆಟ್ಸ್ ಕತೆ ಕೇಳಿ. ಜೆಟ್ಸ್ ಕೊನೆಯ ಸಲ ಸೂಪರ್ ಬೌಲ್ ಗೆದ್ದದ್ದು 1969ರ ಜನವರಿಯಲ್ಲಿ. 2023ರಲ್ಲಿ ಅವರು ಪ್ಯಾಕರ್ಸ್‌ನಿಂದ ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್‌ನನ್ನು ತಂದರು. ನಾಲ್ಕು ಸಲ ವರ್ಷದ ಅತ್ಯುತ್ತಮ ಆಟಗಾರ ಆದವನು. ಐದು ತಿಂಗಳು ನ್ಯೂಯಾರ್ಕ್ ಬೇರೆ ಮಾತೇ ಆಡಲಿಲ್ಲ. ಸೆಪ್ಟೆಂಬರ್ 11ರ ಸೋಮವಾರ ರಾತ್ರಿ ಅವನು ದೊಡ್ಡ ಬಾವುಟ ಹಿಡಿದು ಮೈದಾನಕ್ಕೆ ಓಡಿ ಬಂದ. ಎದುರಾಳಿ ಬಿಲ್ಸ್. ನಾಲ್ಕನೇ ಸಲ ಚೆಂಡು ಕೈಗೆ ಬಂದಾಗ ಅವನನ್ನು ಕೆಡವಿದರು. ಎದ್ದು ನಿಂತ, ಮತ್ತೆ ಕೂತುಬಿಟ್ಟ. ಹಿಮ್ಮಡಿಯ ಸ್ನಾಯುರಜ್ಜು ಹರಿದಿತ್ತು. ಅವನ ಸೀಸನ್ ಅಲ್ಲಿಗೇ ಮುಗಿಯಿತು. ವಿಚಿತ್ರ ಅಂದರೆ ಆ ಪಂದ್ಯವನ್ನು ಜೆಟ್ಸ್ ಗೆದ್ದಿತು. ಸೀಸನ್ ಮಾತ್ರ 7 ಗೆಲುವು, 10 ಸೋಲು.

2024ರ ಮೊದಲ ಗುರುವಾರ ಇನ್ನೂ ಸಣ್ಣ ಅಳತೆಯಲ್ಲಿ ತೀರ್ಮಾನವಾಯಿತು. ಕ್ಯಾನ್ಸಸ್ ಸಿಟಿ ಚೀಫ್ಸ್ 27, ಬಾಲ್ಟಿಮೋರ್ ರೇವನ್ಸ್ 20. ಕೊನೆಯ ಎಸೆತವನ್ನು ರೇವನ್ಸ್‌ನ ಐಸಾಯಾ ಲೈಕ್ಲಿ ಹಿಡಿದ, ಟಚ್‌ಡೌನ್ ಅಂತ ಅಂಪೈರ್ ಕೈ ಎತ್ತಿದರು. ರೀಪ್ಲೇಯಲ್ಲಿ ನೋಡಿದರೆ ಶೂ ತುದಿ ಬಿಳಿ ಗೆರೆಯ ಮೇಲಿತ್ತು. ರದ್ದು. ಮರುದಿನ ಅಮೆರಿಕದ ಚರ್ಚೆ ಪೂರ್ತಿ ಒಂದು ಕಾಲ್ಬೆರಳಿನ ಮೇಲೆ.

ಸೋಮವಾರದ ತೀರ್ಪು

ಮೊದಲ ಭಾನುವಾರ ಮುಗಿದು ಸೋಮವಾರ ಬೆಳಗಾದರೆ ರೇಡಿಯೋದಲ್ಲಿ ಒಂದೇ ಗೋಳು. ಕೋಚ್‌ನನ್ನು ಕಿತ್ತುಹಾಕಿ. ಕ್ವಾರ್ಟರ್‌ಬ್ಯಾಕ್ ಬದಲಿಸಿ. ಇದು ಅತಿ ಅಂತ ನಗುವ ಮುಂಚೆ ಇನ್ನೊಂದು ಲೆಕ್ಕ ನೋಡಬೇಕು. ಅಮೆರಿಕದ ಬೇಸ್‌ಬಾಲ್ ತಂಡ ಸೀಸನ್‌ಗೆ 162 ಪಂದ್ಯ ಆಡುತ್ತದೆ. ಫುಟ್‌ಬಾಲ್‌ನ ಒಂದು ಸೋಲು ಅಲ್ಲಿನ ಒಂಬತ್ತೂವರೆ ಸೋಲಿಗೆ ಸಮ. ಸತತ ಒಂಬತ್ತು ಪಂದ್ಯ ಸೋತರೆ ಯಾರು ತಾನೇ ಸುಮ್ಮನಿರುತ್ತಾರೆ? 1990ರಿಂದ ಈಚೆಗೆ ಮೊದಲ ಎರಡೂ ಪಂದ್ಯ ಸೋತ ತಂಡಗಳಲ್ಲಿ ಸುಮಾರು ಒಂಬತ್ತಕ್ಕೆ ಒಂದು ಮಾತ್ರ ಪ್ಲೇಆಫ್ ಸೇರಿದೆ. ಗಾಬರಿಗೆ ಕಾರಣ ಇದೆ.

ಆದರೆ ಒಂದು ಪಂದ್ಯದಿಂದ ತಂಡದ ಗುಣ ಅಳೆಯುವುದು ಬೇರೆ ಮಾತು. ಅಲ್ಲಿ ಅಭಿಮಾನಿಗಳು ಎಡವುತ್ತಾರೆ. 2021ರ ಮೊದಲ ಪಂದ್ಯದಲ್ಲಿ ಪ್ಯಾಕರ್ಸ್ ತಂಡವನ್ನು ನ್ಯೂ ಆರ್ಲಿಯನ್ಸ್ ಸೇಂಟ್ಸ್ 38-3ರಲ್ಲಿ ಚಚ್ಚಿಹಾಕಿತು. ರಾಡ್ಜರ್ಸ್ ಕತೆ ಮುಗಿಯಿತು ಅಂದರು. ವರ್ಷದ ಕೊನೆಗೆ ಪ್ಯಾಕರ್ಸ್ 13 ಗೆಲುವು, ರಾಡ್ಜರ್ಸ್‌ಗೆ ಅತ್ಯುತ್ತಮ ಆಟಗಾರ ಪ್ರಶಸ್ತಿ. ಸೇಂಟ್ಸ್ ಪ್ಲೇಆಫ್‌ಗೂ ಬರಲಿಲ್ಲ. ಅದೇ ಸೇಂಟ್ಸ್ 2024ರಲ್ಲಿ ಮೊದಲ ಎರಡು ಪಂದ್ಯದಲ್ಲಿ 91 ಅಂಕ ಹೊಡೆದು ಎಲ್ಲರ ಕಣ್ಣು ಕುಕ್ಕಿತು. ಕೊನೆಗೆ 5 ಗೆಲುವು, 12 ಸೋಲು. ನವೆಂಬರ್ ಮೊದಲ ವಾರದಲ್ಲೇ ಕೋಚ್ ಕೆಲಸವೂ ಹೋಗಿತ್ತು.

ನನಗೆ ತುಂಬಾ ಇಷ್ಟವಾದದ್ದು 2003ರ ಕತೆ. ಸೀಸನ್‌ಗೆ ಕೆಲವೇ ದಿನ ಇದ್ದಾಗ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತನ್ನ ಹಿರಿಯ ರಕ್ಷಕ ಲಾಯರ್ ಮಿಲಾಯ್‌ನನ್ನು ತಂಡದಿಂದ ಬಿಟ್ಟಿತು. ಅವನನ್ನು ಬಫಲೋ ಎತ್ತಿಕೊಂಡಿತು. ಮೊದಲ ಪಂದ್ಯದಲ್ಲೇ ಇಬ್ಬರೂ ಎದುರುಬದುರು. ಬಫಲೋ 31, ಪೇಟ್ರಿಯಟ್ಸ್ 0. ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್‌ಗೆ ತಲೆ ಕೆಟ್ಟಿದೆ ಅಂತ ಬೈಗುಳ. ಹದಿನಾರನೇ ಪಂದ್ಯದಲ್ಲಿ ಮತ್ತೆ ಅವೇ ತಂಡಗಳು. ಪೇಟ್ರಿಯಟ್ಸ್ 31, ಬಫಲೋ 0. ಪೇಟ್ರಿಯಟ್ಸ್ ಆ ವರ್ಷ ಸೂಪರ್ ಬೌಲ್ ಗೆದ್ದಿತು.

ಇದಕ್ಕೆ ಕಾರಣವೂ ಇದೆ. ದೊಡ್ಡ ಆಟಗಾರರು ಪ್ರೀಸೀಸನ್‌ನಲ್ಲಿ ಆಡುವುದಿಲ್ಲ. ಆಟಗಾರರ ಸಂಘದ ಜೊತೆ 2011ರಲ್ಲಿ ಆದ ಒಪ್ಪಂದದಿಂದ ಪೂರ್ತಿ ಕವಚ ತೊಟ್ಟು ಗುದ್ದಾಡುವ ಅಭ್ಯಾಸವೂ ಕಡಿಮೆಯಾಯಿತು. ಹಾಗಾಗಿ ಸೆಪ್ಟೆಂಬರಿನ ಪಂದ್ಯಗಳು ಅರ್ಧ ರಿಹರ್ಸಲ್ ಇದ್ದಂತೆ. ಹೊಸ ಕೋಚ್ ಇದ್ದರೆ ಎದುರಾಳಿಗೆ ಅವನ ತಂತ್ರದ ವಿಡಿಯೋ ಕೂಡ ಇರುವುದಿಲ್ಲ. ಅಕ್ಟೋಬರ್ ಹೊತ್ತಿಗೆ ಎಲ್ಲರೂ ಎಲ್ಲರನ್ನೂ ಓದಿಕೊಂಡಿರುತ್ತಾರೆ. ಅಲ್ಲಿಯವರೆಗೆ ನಾನಾದರೆ ಅಂಕಪಟ್ಟಿ ನೋಡುವುದಕ್ಕಿಂತ ಎರಡು ಸಂಗತಿ ನೋಡುತ್ತೇನೆ. ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯಂತೆ ನಿಲ್ಲುವ ಐವರು ಅವನಿಗೆ ಎಸೆಯಲು ಸಮಯ ಕೊಡುತ್ತಿದ್ದಾರಾ? ಗಾಯಗೊಂಡವರ ಪಟ್ಟಿ ಎಷ್ಟು ಉದ್ದ ಇದೆ? ಇವೆರಡೂ ಕೆಟ್ಟಿದ್ದರೆ ಗೆದ್ದ ತಂಡದ ಬಗ್ಗೆಯೂ ನನಗೆ ಅನುಮಾನ.

2025ರ ಸೆಪ್ಟೆಂಬರ್ 8ರ ಬೆಳಿಗ್ಗೆ ನಾನು ಮೈಸೂರಿನಲ್ಲಿ ತಿಂಡಿ ತಿನ್ನುತ್ತಾ ಬಿಲ್ಸ್, ರೇವನ್ಸ್ ಪಂದ್ಯ ನೋಡುತ್ತಿದ್ದೆ. ಬಫಲೋದಲ್ಲಿ ಇನ್ನೂ ಭಾನುವಾರ ರಾತ್ರಿ. ಆ ಹಳೇ ಸ್ಟೇಡಿಯಂನ ಕೊನೆಯ ಸೀಸನ್‌ನ ಮೊದಲ ಪಂದ್ಯ. ನನ್ನ ಹಳೇ ಸಹೋದ್ಯೋಗಿ ಅಲ್ಲಿ ಕೂತಿದ್ದ. ನಾಲ್ಕು ನಿಮಿಷ ಚಿಲ್ಲರೆ ಉಳಿದಿತ್ತು, ರೇವನ್ಸ್ 40, ಬಿಲ್ಸ್ 25. ಟಿವಿಯಲ್ಲಿ ಖಾಲಿಯಾಗುತ್ತಿದ್ದ ಕುರ್ಚಿಗಳು ಕಾಣುತ್ತಿದ್ದವು. "ಮುಗೀತು, ಟ್ರಾಫಿಕ್‌ಗೆ ಮುಂಚೆ ಹೊರಟೆ" ಅಂತ ಅವನ ಮೆಸೇಜು ಬಂತು. ಅದನ್ನು ಓದುವಷ್ಟರಲ್ಲಿ ಬಿಲ್ಸ್ ಒಂದು ಟಚ್‌ಡೌನ್ ಹೊಡೆಯಿತು. ರೇವನ್ಸ್ ಓಟಗಾರ ಚೆಂಡು ಕೈಬಿಟ್ಟ. ಇನ್ನೊಂದು ಟಚ್‌ಡೌನ್. ಕೊನೆಯ ಸೆಕೆಂಡಿನಲ್ಲಿ, ಮೂರ್ನಾಲ್ಕು ದಿನ ಹಿಂದಷ್ಟೇ ತಂಡ ಸೇರಿದ 41 ವರ್ಷದ ಮ್ಯಾಟ್ ಪ್ರೇಟರ್ ಚೆಂಡನ್ನು ಕಂಬಗಳ ನಡುವೆ ಒದ್ದ. 41-40.

ನಾನು ಅವನಿಗೆ ಏನೂ ಬರೆಯಲಿಲ್ಲ. ಹತ್ತು ನಿಮಿಷ ಬಿಟ್ಟು ಅವನೇ ಒಂದು ಫೋಟೋ ಕಳಿಸಿದ. ಮೇ ತಿಂಗಳಲ್ಲಿ ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯದು. ರೇವನ್ಸ್ ಹೆಸರಿನ ಮುಂದೆ ಪೆನ್ನಿನಲ್ಲಿ ಬರೆದಿತ್ತು, ಗೆಲುವು.